ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ

1924ರಲ್ಲಿ ಅಮೆರಿಕದ ಜಾಝ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಷಿಕಾಗೋದಿಂದ ನ್ಯೂಯಾರ್ಕಿಗೆ ಬಂದು ಫ್ಲೆಚರ್ ಹೆಂಡರ್ಸನ್ ಅವರ ವಾದ್ಯವೃಂದವನ್ನು ಸೇರಿದರು. ಆ ವೃಂದದ ಅಂದಿನ ಧ್ವನಿಮುದ್ರಿಕೆಗಳನ್ನು ಇಂದು ಕೇಳಿದರೂ ವ್ಯತ್ಯಾಸ ಥಟ್ಟನೆ ಕಿವಿಗೆ ತಾಗುತ್ತದೆ. ಉಳಿದವರ ಸ್ವರಗಳು ಕವಾಯತು ನಡೆಸಿದಂತೆ ತಾಳದ ಪೆಟ್ಟಿಗೆ ಸರಿಯಾಗಿ ಬೀಳುತ್ತಿದ್ದರೆ, ಆರ್ಮ್‌ಸ್ಟ್ರಾಂಗರ ಕಾರ್ನೆಟ್ ಎಂಬ ತುತ್ತೂರಿ ಅದೇ ತಾಳದ ಮೇಲೆ ಉಯ್ಯಾಲೆಯಂತೆ ತೂಗುತ್ತದೆ. ಈ ತೂಗಾಟಕ್ಕೆ ಜಾಝ್ ಲೋಕ ಇಟ್ಟ ಹೆಸರು ಸ್ವಿಂಗ್. ರಾಗಸಂಯೋಜನೆಯನ್ನು ಕಾಗದದ ಮೇಲೆ ಬರೆದಿಡಬಹುದು, ಆದರೆ ಸ್ವಿಂಗನ್ನು ಬರೆದಿಡಲು ಪಾಶ್ಚಾತ್ಯ ಸ್ವರಲಿಪಿಗೆ ಇಂದಿಗೂ ಸಾಧ್ಯವಾಗಿಲ್ಲ. ನನ್ನ ದೃಷ್ಟಿಯಲ್ಲಿ ಜಾಝ್ ಭಾಷೆಯ ಜೀವಾಳ ಇರುವುದು ಅಲ್ಲಿಯೇ.

ಸ್ವಿಂಗಿನ ಮೊದಲ ಪದರವನ್ನು ನಮ್ಮ ತಾಳದ ಪರಿಚಯವಿರುವವರು ಸುಲಭವಾಗಿ ಹಿಡಿಯಬಲ್ಲರು. ತೊಡೆಯ ಮೇಲೆ ಸಮವಾಗಿ ತಾಳ ಹಾಕುತ್ತಾ ಪ್ರತಿ ಪೆಟ್ಟಿಗೂ ‘ತಕಿಟ’ ಎಂದು ಹೇಳಿಕೊಳ್ಳಿ. ಈಗ ನಡುವಿನ ‘ಕಿ’ಯನ್ನು ನುಂಗಿ, ‘ತ–ಟ, ತ–ಟ’ ಎನ್ನಿ. ಒಂದು ದೀರ್ಘ, ಒಂದು ಹ್ರಸ್ವ, ಅವುಗಳ ಪ್ರಮಾಣ 2:1. ಬಹುಕಾಲದಿಂದ ಪಾಠಗಳಲ್ಲಿ ಸ್ವಿಂಗನ್ನು ಹೀಗೆಯೇ ವಿವರಿಸುತ್ತಾ ಬಂದಿದ್ದಾರೆ.

ಆದರೆ ಅಳೆದು ನೋಡಿದವರಿಗೆ ಕಂಡದ್ದು ಬೇರೆ. ಸ್ವೀಡನ್ನಿನ ಆಂಡರ್ಸ್ ಫ್ರಿಬರ್ಗ್ ಮತ್ತು ಆಂಡ್ರಿಯಾಸ್ ಸುಂಡ್‌ಸ್ಟ್ರೋಮ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಸರಾಂತ ಡ್ರಮ್ಸ್ ವಾದಕರು ರೈಡ್ ಸಿಂಬಲ್ ಎಂಬ ಲೋಹದ ತಟ್ಟೆಯ ಮೇಲೆ ಹಾಕುವ ಪೆಟ್ಟುಗಳ ಅಂತರವನ್ನು ಧ್ವನಿಮುದ್ರಿಕೆಗಳಿಂದ ಅಳೆದರು. ವಿಳಂಬ ಗತಿಯಲ್ಲಿ ದೀರ್ಘ–ಹ್ರಸ್ವಗಳ ಪ್ರಮಾಣ 3.5:1ರವರೆಗೆ ಏರುತ್ತಿತ್ತು, ಅತಿ ದ್ರುತದಲ್ಲಿ ಅದು 1:1ಕ್ಕೆ ಇಳಿಯುತ್ತಿತ್ತು. ಮಧ್ಯಮ ಗತಿಯನ್ನು ದಾಟಿದ ಮೇಲೆ ಹ್ರಸ್ವ ಸ್ವರ ಸುಮಾರು 100 ಮಿಲಿಸೆಕೆಂಡಿಗಿಂತ ಕುಗ್ಗಲು ಒಪ್ಪುತ್ತಿರಲಿಲ್ಲ. 1945ರ ನವೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಮುದ್ರಿಸಿದ ‘ಕೋ-ಕೋ’ವನ್ನು ಗಮನಿಸಿ. ಅದರ ವೇಗ ನಿಮಿಷಕ್ಕೆ ಸುಮಾರು 300 ಪೆಟ್ಟು, ಅಂದರೆ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಕೇವಲ 200 ಮಿಲಿಸೆಕೆಂಡು. ಅದರಲ್ಲಿ ಹ್ರಸ್ವಕ್ಕೇ 100 ಬೇಕೆಂದರೆ ದೀರ್ಘಕ್ಕೆ ಉಳಿಯುವುದೂ ಅಷ್ಟೇ.

ಎರಡನೆಯ ಪದರ ಇನ್ನೂ ಸೂಕ್ಷ್ಮವಾದದ್ದು. ಸ್ಯಾಕ್ಸೊಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್ ಅವರನ್ನು ಕೇಳಿದವರೆಲ್ಲ ಅವರು ತಾಳಕ್ಕಿಂತ ಹಿಂದೆ ಉಳಿದು ನುಡಿಸುತ್ತಾರೆ ಎನ್ನುವುದುಂಟು. ಹಿಂದೆ ಉಳಿದರೂ ತಾಳ ತಪ್ಪದಿರುವುದು ಹೇಗೆ? ಜರ್ಮನಿಯ ಗಟಿಂಗೆನ್‌ನ ಭೌತವಿಜ್ಞಾನಿಗಳು 2022ರಲ್ಲಿ ಇದಕ್ಕೆ ಪ್ರಯೋಗದ ಉತ್ತರ ಕೊಟ್ಟರು. ಮುದ್ರಿಸಿಕೊಂಡ ವಾದನದ ಕಾಲಮಾನವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಪೆಟ್ಟಿನ ಮೇಲೆ ಬೀಳುವ ಸ್ವರಗಳನ್ನು ಮಾತ್ರ ಸುಮಾರು 30 ಮಿಲಿಸೆಕೆಂಡು ತಡಮಾಡಿ, ಪೆಟ್ಟುಗಳ ನಡುವಿನ ಸ್ವರಗಳನ್ನು ಇದ್ದಲ್ಲೇ ಬಿಟ್ಟು ಜಾಝ್ ವಾದಕರಿಗೆ ಕೇಳಿಸಿದಾಗ, ಹೆಚ್ಚು ಸ್ವಿಂಗ್ ಇರುವುದು ಈ ರೂಪದಲ್ಲೇ ಎಂಬ ತೀರ್ಪು ಬಂತು. ಆ ಬಳಿಕ 450ಕ್ಕೂ ಹೆಚ್ಚು ಏಕವಾದನಗಳನ್ನು ಪರಿಶೀಲಿಸಿದಾಗ, ಬಹುತೇಕ ಎಲ್ಲ ವಾದಕರಲ್ಲೂ ಈ ತಡ ಸಿಕ್ಕಿತು.

ಲೆಕ್ಕ ಹಾಕಿ ನೋಡಿದರೆ ಇದರ ಚೆಲುವು ತಿಳಿಯುತ್ತದೆ. ನಿಮಿಷಕ್ಕೆ 150 ಪೆಟ್ಟಿನ ಗತಿಯಲ್ಲಿ ಪ್ರತಿ ಪೆಟ್ಟಿಗೆ 400 ಮಿಲಿಸೆಕೆಂಡು. ಡ್ರಮ್ಸ್ ವಾದಕ ಅದನ್ನು 2:1ರಂತೆ 267 ಮತ್ತು 133 ಎಂದು ಒಡೆಯುತ್ತಾನೆ ಎಂದುಕೊಳ್ಳೋಣ. ಸ್ಯಾಕ್ಸೊಫೋನ್ ವಾದಕ 30 ಮಿಲಿಸೆಕೆಂಡು ತಡವಾಗಿ ಆರಂಭಿಸಿದರೂ ಹ್ರಸ್ವ ಸ್ವರದ ಹೊತ್ತಿಗೆ ಡ್ರಮ್ಸನ್ನು ಕೂಡಿಕೊಳ್ಳಬೇಕು. ಹಾಗಾಗಿ ಅವನ ದೀರ್ಘ 237ಕ್ಕೆ ಕುಗ್ಗುತ್ತದೆ, ಮುಂದಿನ ಪೆಟ್ಟಿಗೂ ಅಷ್ಟೇ ತಡವಾಗುವುದರಿಂದ ಹ್ರಸ್ವ 163ಕ್ಕೆ ಹಿಗ್ಗುತ್ತದೆ. ಒಬ್ಬನ ನಡೆಯಲ್ಲಿ ಕುಣಿತ, ಇನ್ನೊಬ್ಬನದರಲ್ಲಿ ನಿರಾಳ. ಪ್ರತಿ ಪೆಟ್ಟಿನಲ್ಲೂ ಅಗಲುವ ಇಬ್ಬರೂ ಎರಡು ಪೆಟ್ಟುಗಳ ನಡುವೆ, ‘ಟ’ ಎಂಬಲ್ಲಿ, ಮತ್ತೆ ಕೂಡುತ್ತಾರೆ.