ಕ್ಯಾಸಿನೊ ಕಾರ್ಡ್ ಇದ್ರೆ ಹೋಟೆಲ್ ರೂಮು ಫ್ರೀನಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಮಗನ ಮನೆಗೆ ಹೊರಟಿದ್ದೇವೆ. ಲಾಸ್ ವೇಗಾಸ್‌ನಲ್ಲಿ ಎರಡು ರಾತ್ರಿ ಇರುವ ಯೋಚನೆ. ಕ್ಯಾಸಿನೊ ಕಾರ್ಡ್ ಮಾಡಿಸಿದರೆ ರೂಮು ಫ್ರೀ ಸಿಗುತ್ತೆ ಅಂತ ನಮ್ಮ ಭಾವಮೈದ ಹೇಳುತ್ತಾನೆ. ನಿಜವಾ?
– ಓದುಗರು, ಸರಸ್ವತಿಪುರಂ, ಮೈಸೂರು

ನಿಮ್ಮ ಭಾವಮೈದ ಹೇಳಿದ್ದು ಸುಳ್ಳಲ್ಲ. ಆದರೆ ಎರಡು ರಾತ್ರಿಗೆ ಹೋಗಿ ಬರುವ ನಿಮಗೆ ಅದು ದಕ್ಕುವುದು ಕಷ್ಟ.

ಈ ಕಾರ್ಡ್ ಅಂದರೆ ಕ್ಯಾಸಿನೊದ ಸದಸ್ಯತ್ವದ ಕಾರ್ಡ್, ನೀವು ಆಡಿದ್ದಕ್ಕೆ ಇದರಲ್ಲಿ ಪಾಯಿಂಟ್ ಸೇರುತ್ತದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. 21 ವರ್ಷ ತುಂಬಿರಬೇಕು, ಪಾಸ್‌ಪೋರ್ಟ್ ತೋರಿಸಬೇಕು, ಅಷ್ಟೇ. ಇಂಥ ಕಾರ್ಡ್‌ಗಳಲ್ಲಿ ಸೀಸರ್ಸ್ ರಿವಾರ್ಡ್ಸ್, ಎಂಜಿಎಂ ರಿವಾರ್ಡ್ಸ್ ಅಲ್ಲಿನ ದೊಡ್ಡ ಹೆಸರುಗಳು. ಸ್ಲಾಟ್ ಮೆಷಿನ್ ಆದರೆ ಕಾರ್ಡನ್ನು ಅದಕ್ಕೆ ತೂರಿಸಿ ಆಡಬೇಕು. ಟೇಬಲ್ ಆಟವಾದರೆ ಕೂರುವಾಗಲೇ ಆಟ ನಡೆಸುವ ಡೀಲರ್ ಮುಂದೆ ಇಡಬೇಕು. ಸರಾಸರಿ ಎಷ್ಟು ಕಟ್ಟಿದಿರಿ, ಎಷ್ಟು ಹೊತ್ತು ಕೂತಿರಿ, ಎಲ್ಲ ಬರೆದುಕೊಳ್ಳುತ್ತಾರೆ. ಮಂಡ್ಯದ ಕಡೆ ಯುಗಾದಿಗೆ ಅಂದರ್ ಬಾಹರ್ ಆಡುವವರ ಲೆಕ್ಕ ಯಾರು ಇಡುತ್ತಾರೆ? ವೇಗಾಸ್‌ನಲ್ಲಿ ಲೆಕ್ಕ ಇಡುವುದೇ ಕಸುಬು.

ನೀವು ಗೆದ್ರಾ, ಸೋತ್ರಾ ಅನ್ನೋದಕ್ಕಿಂತ, ಅಷ್ಟು ಆಡಿದವರು ಸರಾಸರಿ ಎಷ್ಟು ಸೋಲಬೇಕು ಅನ್ನೋದನ್ನೇ ಅವರು ನೋಡುವುದು. ರೂಲೆಟ್ ಆಟ ನೋಡಿ: ತಿರುಗುವ ಚಕ್ರದಲ್ಲಿ ಚೆಂಡು ಯಾವ ನಂಬರಿನ ಮನೆಗೆ ಬೀಳುತ್ತದೆ ಅಂತ ದುಡ್ಡು ಕಟ್ಟುವುದು. ಎರಡು ಸೊನ್ನೆಯ ಅಮೆರಿಕನ್ ಚಕ್ರದಲ್ಲಿ 38 ಮನೆ. ನಿಮ್ಮ ನಂಬರ್ ಬಿದ್ದರೆ ಲೆಕ್ಕಕ್ಕೆ ಸರಿಯಾಗಿ ಒಂದಕ್ಕೆ 37 ಕೊಡಬೇಕು, ಕೊಡುವುದು 35. ಹಾಗಾಗಿ ಕಟ್ಟಿದ ದುಡ್ಡಲ್ಲಿ ಸರಾಸರಿ ಶೇ. 5.26 ಅವರ ಪಾಲು. ಒಂದು ಸುತ್ತಿಗೆ 10 ಡಾಲರ್, ಗಂಟೆಗೆ 40 ಸುತ್ತಿನಂತೆ 4 ಗಂಟೆ ಆಡಿದಿರಿ ಅನ್ನಿ. ಕಟ್ಟಿದ್ದು ಒಟ್ಟು 1,600 ಡಾಲರ್. ಅವರ ಪುಸ್ತಕದಲ್ಲಿ ನಿಮ್ಮ ಸೋಲು 84 ಡಾಲರ್. ಇದರಲ್ಲೊಂದು ಪಾಲನ್ನಷ್ಟೇ ರೂಮು, ಊಟ ಅಂತ ವಾಪಸ್ ಬಿಡುವುದು. ಮೂರರಲ್ಲೊಂದು ಪಾಲು ಅಂತ ಹಿಡಿದರೂ 28 ಡಾಲರ್. ಅದಕ್ಕೆ ಯಾವ ರೂಮು ಬರುತ್ತೆ ಹೇಳಿ?

ಅದೂ ಅಲ್ಲದೆ, ಫ್ರೀ ರೂಮಿನ ಆಫರ್ ಹೆಚ್ಚಾಗಿ ಬರುವುದು ಮುಂದಿನ ಸಲಕ್ಕೆ, ಇಮೇಲ್‌ನಲ್ಲಿ. ಅಷ್ಟೊತ್ತಿಗೆ ನೀವು ವಾಪಸ್ ಮೈಸೂರಿನಲ್ಲಿ ಇರುತ್ತೀರಿ ಅಲ್ವಾ?

ಆದರೂ ಕಾರ್ಡ್ ಮಾಡಿಸಿ, ನಷ್ಟವೇನಿಲ್ಲ. ಸದಸ್ಯರಿಗೆ ರೂಮಿನ ದರದಲ್ಲಿ ರಿಯಾಯಿತಿ ಸಿಗುವುದುಂಟು. ಊಟ, ರೂಮಿನ ಬಿಲ್ಲಿಗೂ ಪಾಯಿಂಟ್ ಸೇರುತ್ತದೆ, ಜೂಜಾಡಲೇಬೇಕು ಅಂತಿಲ್ಲ. ನನ್ನ ಕೇಳಿದರೆ, ಭಾನುವಾರದಿಂದ ಗುರುವಾರದೊಳಗೆ ಎರಡು ರಾತ್ರಿ ನೋಡಿಕೊಳ್ಳಿ. ಶುಕ್ರವಾರ, ಶನಿವಾರ ದರ ಏರುತ್ತದೆ. ಹೊಸ ವರ್ಷದ ರಾತ್ರಿಯಂತೂ ಬೇಡವೇ ಬೇಡ. ಇನ್ನೊಂದು, ದೊಡ್ಡ ಹೋಟೆಲ್‌ಗಳಲ್ಲಿ ರೂಮಿನ ಬಾಡಿಗೆ ಬೇರೆ, ಅದರ ಮೇಲೆ ಹೋಟೆಲ್ ಸೌಲಭ್ಯಗಳಿಗೆ ಅಂತ ಹಾಕುವ ರೆಸಾರ್ಟ್ ಫೀ ಬೇರೆ. ದಿನಕ್ಕೆ 40 ಡಾಲರ್ ದಾಟುವ ಕಡೆಗಳೂ ಇವೆ. ರೂಮು ಫ್ರೀ ಅಂದ ಮೇಲೂ ಇದನ್ನು ಕೇಳಬಹುದು. ಬುಕ್ ಮಾಡುವಾಗ ಕೊನೆಯ ಮೊತ್ತ ನೋಡಿಯೇ ಕ್ರೆಡಿಟ್ ಕಾರ್ಡ್ ನಂಬರ್ ಹಾಕಲು ಮಗನಿಗೆ ಹೇಳಿ.

ಅಷ್ಟು ದೂರ ಯಾಕೆ, ಗೋವಾದಲ್ಲೇ ಪಾಯಿಂಟ್ ಮಾಡೋಣ ಅಂತ ಭಾವಮೈದ ಶುರುಮಾಡಿದರೆ, 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗೆ ಶೇ. 40 ಜಿಎಸ್‌ಟಿ ಇದೆ ಅಂತ ನೆನಪಿಸಿ. ಅಲ್ಲಿನ ಮಾಂಡೋವಿ ನದಿಯ ಹಡಗಿನ ಕ್ಯಾಸಿನೊದಲ್ಲಿ ಚಿಪ್ಸ್, ಅಂದರೆ ಆಡುವ ಬಿಲ್ಲೆ, ಕೊಳ್ಳುವ ದುಡ್ಡಿನ ಮೇಲೇ ಆ ತೆರಿಗೆ.