ಡಯಾಲಿಸಿಸ್ ಒಮ್ಮೆ ಶುರು ಮಾಡಿದರೆ ಬಿಡೋಕೇ ಆಗಲ್ವಾ?

ಪ್ರಶ್ನೆ: ನಮ್ಮ ತಂದೆಗೆ ಕಿಡ್ನಿ ಕೆಟ್ಟಿದೆ. ಡಾಕ್ಟರ್ ಡಯಾಲಿಸಿಸ್ ಬೇಕು ಅಂತಿದ್ದಾರೆ. ಒಮ್ಮೆ ಮಾಡಿಸಿದರೆ ದೇಹಕ್ಕೆ ಅದೇ ಅಭ್ಯಾಸವಾಗಿ ಸಾಯೋವರೆಗೂ ಬಿಡೋಕಾಗಲ್ಲವಂತೆ. ಸ್ವಲ್ಪ ದಿನ ಮುಂದಕ್ಕೆ ಹಾಕಬಹುದಾ ಸರ್?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮತ್ತೆ ಬರೆಯುತ್ತೇನೆ. ಈ ಒಂದು ನಂಬಿಕೆ ಹಿಡಿದುಕೊಂಡು ಕೂತು, ಉಸಿರು ಕಟ್ಟುವ ಹೊತ್ತಿಗೆ ಆಸ್ಪತ್ರೆಗೆ ಓಡಿ ಬರುವವರು ಇವತ್ತಿಗೂ ಇದ್ದಾರೆ.

ಮೆಷಿನ್ ಪಕ್ಕದಲ್ಲಿ ಸುಮಾರು ಒಂದಡಿ ಉದ್ದದ ಪಾರದರ್ಶಕ ಕೊಳವೆ ಇರುತ್ತದೆ, ನೋಡಿದ್ದೀರಲ್ವಾ? ಅದೇ ಡಯಾಲೈಸರ್, ಅಂದರೆ ಕಿಡ್ನಿಯ ಬದಲು ರಕ್ತ ಸೋಸುವ ಫಿಲ್ಟರ್. ಅದರೊಳಗೆ ಸುಮಾರು 10,000 ಟೊಳ್ಳು ಎಳೆಗಳಿವೆ. ಒಂದೊಂದರ ಒಳ ಅಗಲ ಮಿಲಿಮೀಟರಿನ ಐದನೇ ಒಂದು ಭಾಗ ಅಷ್ಟೇ. ಎಳೆಯೊಳಗೆ ರಕ್ತ ಒಂದು ಕಡೆಗೆ ಹರಿದರೆ, ಹೊರಗೆ ಡಯಾಲಿಸಿಸ್ ದ್ರವ ಅದಕ್ಕೆ ಎದುರಾಗಿ ಹರಿಯುತ್ತದೆ. ಎಳೆಯ ಗೋಡೆಯೇ ಪೊರೆ. ರಕ್ತದಲ್ಲಿ ಸೇರಿಕೊಂಡ ಯೂರಿಯಾ, ಕ್ರಿಯಾಟಿನಿನ್ ಎಂಬ ಕಸ, ಹೆಚ್ಚಾದ ಪೊಟ್ಯಾಸಿಯಂ ಅದರ ರಂಧ್ರಗಳಲ್ಲಿ ನುಸುಳಿ ಆಚೆ ಹೋಗುತ್ತವೆ. ರಕ್ತಕಣಗಳು ದೊಡ್ಡವು, ದಾಟಲ್ಲ. ಇದರಲ್ಲಿ ದೇಹಕ್ಕೆ ಚಟ ಹಿಡಿಸುವಂಥದ್ದು ಏನಿದೆ ಹೇಳಿ?

ಡಯಾಲಿಸಿಸ್ ಬಿಡೋಕಾಗದಿರುವುದು ಕಿಡ್ನಿ ಮೊದಲೇ ಹೋಗಿರುವುದರಿಂದ. ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಅಂದರೆ ಒಪ್ಪುತ್ತೀರಾ? ಶುಗರ್, ಬಿಪಿಯಿಂದ ವರ್ಷಗಟ್ಟಲೆ ಸವೆದ ಕಿಡ್ನಿ ಮತ್ತೆ ಮೊದಲಿನಂತಾಗುವುದಿಲ್ಲ. ಅಂಥವರಿಗೆ ಕಸಿ ಆಗುವವರೆಗೆ ಡಯಾಲಿಸಿಸ್ ಬೇಕು. ಆದರೆ ಹಾವು ಕಚ್ಚಿಯೋ ಇಲಿಜ್ವರ ಬಂದೋ ಕಿಡ್ನಿ ದಿಢೀರನೆ ನಿಂತವರಲ್ಲಿ ಎಷ್ಟೋ ಜನ ಕೆಲವೇ ವಾರಗಳಲ್ಲಿ ಡಯಾಲಿಸಿಸ್ ನಿಲ್ಲಿಸಿ ಮನೆಗೆ ಹೋಗುತ್ತಾರೆ. ಅಷ್ಟೇ ಯಾಕೆ, ಡಯಾಲಿಸಿಸ್‌ನಿಂದ ಬದುಕಿದ ಮೊದಲ ರೋಗಿಯ ಕಥೆಯೂ ಇದೇ. ನೆದರ್ಲೆಂಡ್ಸ್‌ನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜ್ ಸುತ್ತುವ ಸೆಲ್ಲೋಫೇನ್ ಕೊಳವೆಯನ್ನೇ ಪೊರೆಯಾಗಿ ಬಳಸಿ ಯಂತ್ರ ಕಟ್ಟಿದ್ದರು. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಅದರಿಂದ ಕೋಮಾದಿಂದ ಎದ್ದರು. ಅವರ ಕಿಡ್ನಿ ಚೇತರಿಸಿಕೊಂಡಿತು. ಆಮೇಲೂ ಏಳು ವರ್ಷ ಬದುಕಿದರು.

ಯಾವಾಗ ಶುರು ಮಾಡಬೇಕು ಅನ್ನುವುದನ್ನು ಕಿಡ್ನಿ ಡಾಕ್ಟರ್ ಹತ್ತಿರ ಕೂತು ಮಾತಾಡಿ. ಕ್ರಿಯಾಟಿನಿನ್ ಒಂದನ್ನೇ ನೋಡಿ ಅವರೂ ತೀರ್ಮಾನಿಸುವುದಿಲ್ಲ. ಆದರೆ ಹೆದರಿ ಸುಮ್ನೆ ಮುಂದೂಡಬೇಡಿ. ಮೆಷಿನ್‌ಗೆ ರಕ್ತ ಕೊಡಲು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಹದಕ್ಕೆ ಬರಲು ವಾರಗಳೇ ಬೇಕು. ತಡವಾದರೆ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತಿಟರ್ ಎಂಬ ಕೊಳವೆ ಹಾಕಬೇಕಾಗುತ್ತದೆ, ಸೋಂಕಿನ ಭಯ ಜಾಸ್ತಿ.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ: ನೀರು. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ನೀರಿನಿಂದ ತಯಾರಿಸಿದ ಸುಮಾರು 120 ಲೀಟರ್ ದ್ರವ ಆ ಪೊರೆಯ ಪಕ್ಕದಲ್ಲಿ ಹರಿದುಹೋಗುತ್ತದೆ. ಪೊರೆ ಎರಡೂ ಕಡೆಗೆ ದಾರಿ ಬಿಡುತ್ತದೆ. ನೀರಿನಲ್ಲಿರುವ ಕೊಳೆಯೂ ರಕ್ತಕ್ಕೆ ಬರಬಹುದು. ಅದಕ್ಕೇ ನಲ್ಲಿ ನೀರನ್ನು ಕಾರ್ಬನ್ ಟ್ಯಾಂಕ್, ಆಮೇಲೆ ಆರ್‌ಓ ದಾಟಿಸುತ್ತಾರೆ. ಕ್ರಿಮಿ ಸಾಯಲೆಂದು ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ನಿಂದಾಗುವ ಕ್ಲೋರಮಿನ್ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಪ್ರತಿ ಶಿಫ್ಟ್‌ಗೂ ಮೊದಲು ಕ್ಲೋರಿನ್ ಟೆಸ್ಟ್ ಮಾಡ್ತೀರಾ ಅಂತ ಟೆಕ್ನಿಷಿಯನ್ನರನ್ನು ಕೇಳಿ. ಒಳ್ಳೆಯ ಟೆಕ್ನಿಷಿಯನ್ ರಿಜಿಸ್ಟರ್ ತೆಗೆದು ತೋರಿಸುತ್ತಾರೆ.