ಇಂಪಾರ್ಟೆಂಟ್ ಹಾಕಿದರೂ ಬಣ್ಣ ಬದಲಾಗಲಿಲ್ಲವೇಕೆ? ಯೂಸರ್ ಸ್ಟೈಲ್‌ಶೀಟ್ ಟಿಪ್ಪಣಿ

ಮೂರು ಸಂಜೆ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಯೂಸರ್ ಸ್ಟೈಲ್‌ಶೀಟ್ ಅಂದರೆ ಬೇರೆಯವರ ಜಾಲತಾಣ ನಮ್ಮ ಬ್ರೌಸರ್‌ನಲ್ಲಿ ನಮಗೆ ಬೇಕಾದಂತೆ ಕಾಣಲಿ ಎಂದು ನಾವೇ ಬರೆದುಕೊಳ್ಳುವ ಸಿಎಸ್‌ಎಸ್ (ಪುಟದ ಬಣ್ಣ, ಅಕ್ಷರ, ಜೋಡಣೆ ಹೇಳುವ ಭಾಷೆ) ನಿಯಮಗಳು. ಇಂಪಾರ್ಟೆಂಟ್ (!important) ಅಂದರೆ ನಿಯಮದ ಸಾಲಿನ ಕೊನೆಗೆ ಹಾಕಿ ಅದರ ಬಲ ಹೆಚ್ಚಿಸುವ ಗುರುತು. ಸೆಲೆಕ್ಟರ್ ಅಂದರೇನು, ಎಕ್ಸ್‌ಟೆನ್ಶನ್ ಹಾಕಿಕೊಳ್ಳುವುದು ಹೇಗೆ ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಯಾರ ಮಾತು ನಡೆಯುತ್ತದೆ

ಪುಟಕ್ಕೆ ಸ್ಟೈಲ್ ಮೂರು ಕಡೆಯಿಂದ ಬರುತ್ತದೆ: ಬ್ರೌಸರ್, ಬಳಕೆದಾರ, ಪುಟ ಬರೆದವರು. ಮಾಮೂಲಿ ನಿಯಮಗಳಲ್ಲಿ ಪುಟ ಬರೆದವರ ಮಾತೇ ಅಂತಿಮ. ಇಂಪಾರ್ಟೆಂಟ್ ಸೇರಿತೋ, ಸಾಲು ತಲೆಕೆಳಗಾಗಿ ಬಳಕೆದಾರನ ಕೈ ಮೇಲಾಗುತ್ತದೆ. 1996ರ ಮೊದಲ ಸಿಎಸ್‌ಎಸ್‌ನಲ್ಲಿ ಇಂಪಾರ್ಟೆಂಟ್ ಇದ್ದರೂ ಪುಟದವರೇ ಗೆಲ್ಲುತ್ತಿದ್ದರು. ದೊಡ್ಡ ಅಕ್ಷರ, ಬೇರೆ ಬಣ್ಣ ಬೇಕಾದ ಓದುಗರಿಗಾಗಿ 1998ರ ಎರಡನೇ ಆವೃತ್ತಿಯಲ್ಲಿ ಇದನ್ನು ತಿರುಗಿಸಿದರು.

ಆದರೆ ಯೂಸರ್ ಸ್ಟೈಲ್‌ಶೀಟ್ ಹಾಕಿಕೊಡುವ ಸ್ಟೈಲಸ್‌ನಂಥ ಎಕ್ಸ್‌ಟೆನ್ಶನ್ ನಮ್ಮ ನಿಯಮಗಳನ್ನು ಪುಟದೊಳಗೇ ಒಂದು ಸ್ಟೈಲ್ ಟ್ಯಾಗ್ ಆಗಿ ತುರುಕುತ್ತದೆ. ಹಾಗಾಗಿ ಬ್ರೌಸರ್ ಕಣ್ಣಿಗೆ ನಾವೂ ಪುಟ ಬರೆದವರೇ! ಪುಟದವರೂ ಇಂಪಾರ್ಟೆಂಟ್ ಬರೆದಿದ್ದರೆ ಸೆಲೆಕ್ಟರ್‌ನ ತೂಕ (ಅದು ಎಷ್ಟು ನಿರ್ದಿಷ್ಟವಾಗಿದೆ ಎಂಬುದು) ನೋಡಲಾಗುತ್ತದೆ. ನಿಜವಾದ ಬಳಕೆದಾರನ ಸ್ಥಾನ ಬೇಕಿದ್ದರೆ ಫೈರ್‌ಫಾಕ್ಸ್‌ನ ಪ್ರೊಫೈಲ್ ಫೋಲ್ಡರ್‌ನೊಳಗೆ ಕ್ರೋಮ್ ಎಂಬ ಫೋಲ್ಡರ್ ಮಾಡಿ, ಅದರಲ್ಲಿ ಯೂಸರ್‌ಕಂಟೆಂಟ್ ಕಡತ ಇಡಬೇಕು. 2019ರ 69ನೇ ಆವೃತ್ತಿಯಿಂದ ಈಚೆಗೆ ಅದಕ್ಕೆ ಸೆಟ್ಟಿಂಗ್‌ನಲ್ಲಿ ಪ್ರತ್ಯೇಕ ಅನುಮತಿಯನ್ನೂ ಕೊಡಬೇಕು.

ನಾನು ಸಿಕ್ಕಿಹಾಕಿಕೊಂಡ ಜಾಗ

ಈಗಿನ ಎಷ್ಟೋ ಜಾಲತಾಣಗಳು ಬಣ್ಣಗಳನ್ನೆಲ್ಲ ರೂಟ್‌ನಲ್ಲಿ (ಪುಟದ ಎಲ್ಲ ಎಲಿಮೆಂಟ್‌ಗಳನ್ನು, ಅಂದರೆ ತುಣುಕುಗಳನ್ನು, ಒಳಗೊಂಡ ತುತ್ತತುದಿಯ ಎಲಿಮೆಂಟ್) ವೇರಿಯಬಲ್‌ಗಳಾಗಿ, ಅಂದರೆ ಹೆಸರಿಟ್ಟ ಬೆಲೆಗಳಾಗಿ, ಇಟ್ಟಿರುತ್ತವೆ. ನೂರಾರು ಸೆಲೆಕ್ಟರ್ ಹುಡುಕುವ ಬದಲು ಆ ಹತ್ತು ಹದಿನೈದು ವೇರಿಯಬಲ್ ಬದಲಿಸಿದರೆ ಇಡೀ ತಾಣ ಬಣ್ಣ ಬದಲಿಸುತ್ತದೆ. ನನಗೆ ಬಲು ಇಷ್ಟವಾದ ಅಡ್ಡದಾರಿ ಇದು. ಬಿಲ್ಡ್ ಆದಾಗಲೆಲ್ಲ ಬದಲಾಗುವ ಅರ್ಥವಿಲ್ಲದ ಕ್ಲಾಸ್ ಹೆಸರುಗಳ ಕಾಟವೂ ಇರುವುದಿಲ್ಲ.

ಒಂದು ತಾಣದಲ್ಲಿ ಹಾಗೇ ಮಾಡಿದೆ. ರೂಟ್‌ನಲ್ಲಿ ಹಿನ್ನೆಲೆಯ ವೇರಿಯಬಲ್‌ಗೆ ಹೊಸ ಬಣ್ಣ ಕೊಟ್ಟು ಇಂಪಾರ್ಟೆಂಟ್ ಹಾಕಿದೆ. ಪುಟ ಬೆಳ್ಳಗೇ ಉಳಿಯಿತು. ಡೆವಲಪರ್ ಟೂಲ್ಸ್‌ನಲ್ಲಿ ರೂಟ್ ಆರಿಸಿ ನೋಡಿದರೆ ನನ್ನ ಸಾಲಿನ ಮೇಲೆ ಅಡ್ಡಗೆರೆ ಇಲ್ಲ, ಅಂದರೆ ಗೆದ್ದಿದೆ. ಗೆದ್ದ ಮೇಲೂ ಬಣ್ಣ ಇಲ್ಲ! ಸೆಲೆಕ್ಟರ್‌ನ ತೂಕ ಏರಿಸುತ್ತ ಹೋದೆ, ಏನೂ ಉಪಯೋಗವಾಗಲಿಲ್ಲ.

ಕಾರಣ ಇಷ್ಟೇ: ಆ ತಾಣದವರು ಅದೇ ವೇರಿಯಬಲ್ ಅನ್ನು ಬಾಡಿ (ರೂಟ್‌ನ ಒಳಗೆ, ಕಾಣುವ ಪುಟವನ್ನೆಲ್ಲ ಹೊತ್ತ ಎಲಿಮೆಂಟ್) ಮೇಲೆ ಇನ್ನೊಮ್ಮೆ ಬರೆದಿದ್ದರು. ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಯೋಚಿಸಿ. ರೂಟ್‌ನಿಂದ ಬಾಡಿಗೆ ಇಳಿದು ಬರುವುದು ಪಿತ್ರಾರ್ಜಿತ. ಬಾಡಿಯ ಮೇಲೆ ನೇರವಾಗಿ ಬರೆದದ್ದು ಸ್ವಯಾರ್ಜಿತ. ಎಲಿಮೆಂಟ್‌ಗೆ ತನ್ನದೇ ಬೆಲೆ ಇದ್ದರೆ ಮೇಲಿನಿಂದ ಬಂದದ್ದನ್ನು ಅದು ಮುಟ್ಟುವುದೇ ಇಲ್ಲ, ಅದು ಎಷ್ಟೇ ಜಂಬದ ಇಂಪಾರ್ಟೆಂಟ್ ಆಗಿದ್ದರೂ. ಇಂಪಾರ್ಟೆಂಟ್ ಎಂಬುದು ಒಂದೇ ಎಲಿಮೆಂಟ್ ಮೇಲೆ ಬಿದ್ದ ನಿಯಮಗಳ ನಡುವಿನ ಜಗಳಕ್ಕೆ ಮಾತ್ರ. ರೂಟ್‌ನ ಜಗಳದಲ್ಲಿ ನಾನು ಗೆದ್ದಿದ್ದೆ, ಬಾಡಿಯ ಜಗಳದಲ್ಲಿ ಭಾಗವಹಿಸಿರಲೇ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಗೊಂದಲ: ವೇರಿಯಬಲ್‌ಗೆ ಹಾಕಿದ ಇಂಪಾರ್ಟೆಂಟ್ ಅದರ ಬೆಲೆಯೊಂದಿಗೆ ಪ್ರಯಾಣ ಮಾಡುವುದಿಲ್ಲ. ಆ ವೇರಿಯಬಲ್ ಬಳಸುವ ಹಿನ್ನೆಲೆಯ ಸಾಲು ಮಾಮೂಲಿ ಸಾಲಾಗಿಯೇ ಇರುತ್ತದೆ. ಅಲ್ಲೂ ಬಲ ಬೇಕಿದ್ದರೆ ಅಲ್ಲೇ ಬೇರೆಯಾಗಿ ಬರೆಯಬೇಕು.

ಪರಿಹಾರ: ರೂಟ್, ಬಾಡಿ, ಥೀಮ್ ಯಾವುದೆಂದು ಹೇಳುವ ಆಟ್ರಿಬ್ಯೂಟ್ (ಟ್ಯಾಗ್‌ನೊಳಗೆ ಬರೆದ ಗುರುತು) ಹೊತ್ತ ಎಲಿಮೆಂಟ್, ಈ ಮೂರನ್ನೂ ಅಲ್ಪವಿರಾಮದಿಂದ ಸೇರಿಸಿ ಒಂದೇ ನಿಯಮ ಬರೆದೆ. ಸರಿಹೋಯಿತು. ನಕ್ಷತ್ರ ಚಿಹ್ನೆಯಿಂದ ಎಲ್ಲ ಎಲಿಮೆಂಟ್‌ಗಳಿಗೂ ಒಮ್ಮೆಗೇ ಹಾಕುವ ಆಸೆ ಬರುತ್ತದೆ. ನಾನೂ ಹಾಕಿ ನೋಡಿದೆ. ಗುಂಡಿಗಳು ತಮ್ಮೊಳಗೆ ಬೇಕೆಂದೇ ಬದಲಿಸಿಕೊಂಡಿದ್ದ ಬಣ್ಣಗಳೂ ಸತ್ತು, ಎಲ್ಲವೂ ಒಂದೇ ಬಣ್ಣದ ಗೋಡೆಯಾಯಿತು.

ಬಣ್ಣದ ಆಯ್ಕೆ

ಬಣ್ಣಗಳನ್ನು ನಾನೇ ಕಲಸಲು ಹೋಗಲಿಲ್ಲ. 2011ರಲ್ಲಿ ಈಥನ್ ಸ್ಕೂನೋವರ್ ರೂಪಿಸಿದ ಸೋಲರೈಸ್ಡ್ ಎಂಬ ಬಣ್ಣಗಳ ಜೋಡಣೆಯನ್ನು ತೆಗೆದುಕೊಂಡೆ: 16 ಬಣ್ಣ, 8 ಹಿನ್ನೆಲೆ ಮತ್ತು ಪಠ್ಯಕ್ಕೆ, 8 ಒತ್ತು ಕೊಡಲು. ಕಪ್ಪು ಬದಿಯ ಹಿನ್ನೆಲೆ ಕೆಂಪು 0, ಹಸಿರು 43, ನೀಲಿ 54. ಅದರ ಮೇಲಿನ ಪಠ್ಯ 131, 148, 150. ಇವೆರಡರ ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಸುಮಾರು 4.75. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಸುಲಭಬಳಕೆಯ ಮಾರ್ಗಸೂಚಿ ಕೇಳುವುದು 4.5. ಕೂದಲೆಳೆಯಲ್ಲಿ ಪಾಸು. ಬಿಳಿ ಬದಿಯ ಜೋಡಿ 4.1ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಲ್ಲಿ ಪಠ್ಯವನ್ನು ಒಂದು ಮೆಟ್ಟಿಲು ಗಾಢ ಮಾಡಿಕೊಂಡೆ.

ಹಿನ್ನೆಲೆ ಬರೆಯುವಾಗ ಬ್ಯಾಕ್‌ಗ್ರೌಂಡ್-ಕಲರ್ ಎಂದೇ ಬರೆಯಿರಿ. ಬರೀ ಬ್ಯಾಕ್‌ಗ್ರೌಂಡ್ ಎಂದರೆ ಹಿನ್ನೆಲೆಯ ಚಿತ್ರಗಳೂ ಅಳಿಸಿ, ಐಕಾನ್‌ಗಳು ಮಾಯವಾಗುತ್ತವೆ.

ಶ್ಯಾಡೋ ಡಾಮ್‌ನೊಳಗೆ (ಪುಟದ ಉಳಿದ ಭಾಗದಿಂದ ಬೇರ್ಪಡಿಸಿ ಇಟ್ಟ ಒಳಕೋಣೆ) ಅಡಗಿದ ಭಾಗಗಳಿಗೆ ಹೊರಗಿನ ಸೆಲೆಕ್ಟರ್ ತಾಗುವುದಿಲ್ಲ. ಆದರೆ ವೇರಿಯಬಲ್‌ಗಳು ಆ ಗೋಡೆ ದಾಟಿ ಒಳಗೆ ಇಳಿಯುತ್ತವೆ, ಅದೂ ಪಿತ್ರಾರ್ಜಿತವೇ. ಹೀಗಾಗಿ ವಿಡಿಯೋ ಪ್ಲೇಯರ್‌ನಂಥ ತುಣುಕು ಬಣ್ಣ ಬದಲಿಸದಿದ್ದರೆ, ಅದರೊಳಗೆ ಬಳಸಿದ ವೇರಿಯಬಲ್ ಹೆಸರು ಯಾವುದೆಂದು ಮೊದಲು ನೋಡಿ, ಅದನ್ನೇ ಮೇಲೆ ಹೇಳಿದ ನಿಯಮಕ್ಕೆ ಸೇರಿಸಿ.